ಹಂಚಿನ ಮಾಡು, ಆರ್‌ಸಿಸಿ ತಾರಸಿ, ಮಣ್ಣಿನ ಮಾಳಿಗೆ: ರಿಪೇರಿ ಸಾಕೇ, ಪೂರ್ತಿ ಬದಲಿಸಬೇಕೇ?

ಸಾಗರ ತಾಲೂಕಿನಿಂದ (ಪ್ರಶ್ನೆ)

ನಮ್ಮದು ಅಜ್ಜನ ಕಾಲದಲ್ಲಿ ಕಟ್ಟಿದ ಮಂಗಳೂರು ಹಂಚಿನ ಮನೆ. ಪಕಾಸುಗಳು (ಮಾಡನ್ನು ಹೊರುವ ಇಳಿಜಾರು ಮರಗಳು) ಬಹುಪಾಲು ಹೊನ್ನೆ ಮತ್ತು ಮತ್ತಿ ಮರದವು. ರೀಪುಗಳು (ಪಕಾಸಿನ ಮೇಲೆ ಅಡ್ಡಲಾಗಿ ಹೊಡೆದ, ಹಂಚು ಕೂರುವ ಪಟ್ಟಿಗಳು) ಕೆಲವು ಕಡೆ ಅಡಿಕೆ ಮರದವು. 1990ರ ದಶಕದಲ್ಲಿ ಅಡುಗೆಮನೆ ಮತ್ತು ಬಚ್ಚಲನ್ನು ಹಿಂದಕ್ಕೆ ವಿಸ್ತರಿಸಿದಾಗ ಆ ಭಾಗಕ್ಕೆ ಮಾತ್ರ ಆರ್‌ಸಿಸಿ (ಕಬ್ಬಿಣದ ಸರಳಿಟ್ಟ ಕಾಂಕ್ರೀಟ್) ತಾರಸಿ ಹಾಕಿಸಿದರು. ಕಳೆದ ಮಳೆಗಾಲದಲ್ಲಿ ಹಂಚಿನ ಮಾಡು ಮತ್ತು ತಾರಸಿ ಕೂಡುವ ಜಾಗದಲ್ಲಿ ನೀರು ಇಳಿಯಿತು. ಅಲ್ಲದೆ ನಡುಮನೆಯಲ್ಲಿ, ಆ ಸೇರುವೆಯಿಂದ ಬಹಳ ದೂರದಲ್ಲಿ, ಎರಡು ಕಡೆ ತೊಟ್ಟಿಕ್ಕಿತು. ಅಡುಗೆಮನೆಯ ತಾರಸಿಯ ತಳದಲ್ಲಿ ಕಂದು ಗೆರೆಯೊಂದು ಮೂಡಿದೆ. ನೋಡಲು ಬಂದ ಒಬ್ಬ ಗುತ್ತಿಗೆದಾರರು ಹಂಚನ್ನೆಲ್ಲ ಇಳಿಸಿ ಕಬ್ಬಿಣದ ಚೌಕಟ್ಟಿನ ಮೇಲೆ ಶೀಟ್ ಹಾಕಿಸಿಬಿಡಿ ಎಂದರು; ಇನ್ನೊಬ್ಬರು ಒಡೆದ ಹಂಚುಗಳನ್ನು ಬದಲಿಸಿದರೆ ಇನ್ನೂ ಎಷ್ಟೋ ವರ್ಷ ನಿಶ್ಚಿಂತೆ ಎಂದರು. ಈ ಎರಡರ ನಡುವೆ ನಾವೇ ತೀರ್ಮಾನಿಸಬೇಕಾದರೆ ಏನನ್ನು ನೋಡಬೇಕು, ಯಾವ ಲಕ್ಷಣಕ್ಕೆ ಎಷ್ಟು ಮಹತ್ವ ಕೊಡಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಪುತ್ತೂರಿನಿಂದ (ಬಡಗಿ ಕೆಲಸ)

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹಂಚಿನ ಮಾಡಿನಲ್ಲಿ ಹಂಚು ಕೆಡುವುದು ದೊಡ್ಡ ಸಂಗತಿಯಲ್ಲ; ಅದನ್ನು ಹೊತ್ತ ಮರ ಕೆಡುವುದು ದೊಡ್ಡ ಸಂಗತಿ. ಒಡೆದ ಹಂಚನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು, ಆದರೆ ಆ ಒಡಕಿನಿಂದ ನಾಲ್ಕಾರು ಮಳೆಗಾಲ ನೀರು ಕುಡಿದ ಪಕಾಸಿನ ತುದಿಯನ್ನು ಯಾರೂ ನೋಡುವುದಿಲ್ಲ. ಆದುದರಿಂದ ನಿಮ್ಮ ತೀರ್ಮಾನ ಹಂಚಿನ ಮೇಲಿನಿಂದಲ್ಲ, ಅಟ್ಟದ ಒಳಗಿನಿಂದ ಆರಂಭವಾಗಬೇಕು.

ಮಧ್ಯಾಹ್ನದ ಬಿಸಿಲಿರುವಾಗ ಅಟ್ಟ ಹತ್ತಿ, ದೀಪ ಹಚ್ಚದೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆಯೋ ಅಲ್ಲಲ್ಲಿ ಹಂಚು ಸೀಳಿದೆ, ಜಾರಿದೆ ಅಥವಾ ಒಂದರ ತೋಡು ಇನ್ನೊಂದರಲ್ಲಿ ಸರಿಯಾಗಿ ಕೂತಿಲ್ಲ. ಆ ಜಾಗಗಳಿಗೆ ಸುಣ್ಣದ ಗುರುತು ಹಾಕಿ. ಆಮೇಲೆ ದೀಪ ಹಚ್ಚಿ ಪ್ರತಿ ಪಕಾಸನ್ನೂ ಕೋಡಿನಿಂದ (ಮಾಡಿನ ನೆತ್ತಿ) ಸೂರಿನವರೆಗೆ (ಮಾಡಿನ ಕೆಳ ಅಂಚು) ನೋಡಿ. ನಡುಮನೆಯಲ್ಲಿ ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಒಡೆದ ಹಂಚು ಇರಬೇಕೆಂದೇನಿಲ್ಲ. ನೀರು ಕೋಡಿನ ಬಳಿ ಒಳಬಂದು, ಪಕಾಸಿನ ತಳವನ್ನು ಹಿಡಿದು ಐದಾರು ಅಡಿ ಹರಿದು, ಯಾವುದೋ ಗಂಟಿನ ಬಳಿ ಅಥವಾ ಮೊಳೆಯ ತಲೆಯ ಬಳಿ ತೊಟ್ಟಾಗಿ ಬೀಳುತ್ತದೆ. ಮರದ ಮೇಲಿನ ಕಪ್ಪು ಕಲೆಯ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿದರೆ ಅದರ ಮೂಲ ಸಿಗುತ್ತದೆ. ಹೀಗೆ ಹಿಂಬಾಲಿಸದೆ ತೊಟ್ಟಿಕ್ಕಿದ ಜಾಗದ ಮೇಲಿನ ಹಂಚುಗಳನ್ನಷ್ಟೇ ಬದಲಿಸಿ ಹೋಗುವುದರಿಂದಲೇ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷವೂ ರಿಪೇರಿ ಆಗುತ್ತದೆ, ಪ್ರತಿ ವರ್ಷವೂ ಸೋರುತ್ತದೆ.

ಮರವನ್ನು ಪರೀಕ್ಷಿಸಲು ಹಳೆಯ ಸ್ಕ್ರೂ ಡ್ರೈವರ್ ಮತ್ತು ಸಣ್ಣ ಸುತ್ತಿಗೆ ಸಾಕು. ಗಟ್ಟಿ ಮರವನ್ನು ತಟ್ಟಿದರೆ ನಾದ ತುಂಬಿ ಬರುತ್ತದೆ, ತಿಂದುಹೋದ ಮರ ಬೊಕ್ಕೆನ್ನುತ್ತದೆ. ಮುಖ್ಯವಾಗಿ ಮೂರು ಕಡೆ ಚುಚ್ಚಿ ನೋಡಬೇಕು: ಪಕಾಸು ಗೋಡೆಯ ಮೇಲೆ ಕೂರುವ ತುದಿ, ಎರಡು ಇಳಿಜಾರುಗಳು ಸೇರುವ ಮೂಲೆಯ ಮರ, ಸೂರಿನ ಕೊನೆಯ ರೀಪು. ಸ್ಕ್ರೂ ಡ್ರೈವರಿನ ತುದಿ ಕೈಯ ಒತ್ತಡಕ್ಕೆ ಬೆರಳಿನ ಒಂದು ಗೆಣ್ಣಿನಷ್ಟು ಒಳಹೋದರೆ ಆ ತುದಿ ಹೋಗಿದೆಯೆಂದೇ ಅರ್ಥ. ಗೋಡೆಯ ಮೇಲಿನಿಂದ ಮಣ್ಣಿನ ಸಣ್ಣ ಕೊಳವೆ ಮರಕ್ಕೆ ಏರಿದ್ದರೆ ಒರಲೆ ಒಳಗಿದೆ. ಮರದಲ್ಲಿ ಸೂಜಿ ತೂತುಗಳಿದ್ದು ಕೆಳಗೆ ರಾಗಿ ಹಿಟ್ಟಿನಷ್ಟು ನುಣ್ಣನೆಯ ಪುಡಿ ಬಿದ್ದಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಹಳೆಯ ತೂತುಗಳಿಗೆ ಗಾಬರಿಯಾಗಬೇಕಿಲ್ಲ; ಪುಡಿಯನ್ನು ಪೂರ್ತಿ ಗುಡಿಸಿ, ಕೆಳಗೆ ಕಾಗದ ಹಾಸಿ, ಒಂದೆರಡು ವಾರ ಬಿಟ್ಟು ನೋಡಿದಾಗ ಮತ್ತೆ ಪುಡಿ ಬಿದ್ದಿದ್ದರೆ ಮಾತ್ರ ಹುಳು ಜೀವಂತವಾಗಿದೆ.

ಇನ್ನು ಹಂಚಿನ ವಿಷಯ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಹಳೆಯ ಹಂಚುಗಳ ಬೆನ್ನಿನ ಮೇಲೆ ಆ ಇಸವಿ ಅಚ್ಚಾಗಿರುವುದನ್ನು ಕಂಡು ನಮ್ಮ ಹಂಚು ಆ ವರ್ಷದ್ದು, ಆಯುಷ್ಯ ಮುಗಿದಿದೆ ಎಂದು ಕೆಲವರು ಭಾವಿಸುತ್ತಾರೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ನಿಮ್ಮ ಹಂಚು ಸುಟ್ಟ ವರ್ಷವಲ್ಲ. ಹಂಚಿಗೆ ವಯಸ್ಸು ಮುಖ್ಯವಲ್ಲ. ಇಳಿಸಿದ ಒಂದು ಹಂಚನ್ನು ಗೆಣ್ಣಿನಿಂದ ತಟ್ಟಿರಿ. ಟಣ್ ಎಂದರೆ ಗಟ್ಟಿ, ಮಂದವಾಗಿ ಸದ್ದು ಮಾಡಿದರೆ ಒಳಗೆ ಸೀಳಿದೆ. ತಳದಲ್ಲಿ ಪದರ ಪದರವಾಗಿ ಉದುರುತ್ತಿದ್ದರೆ, ರೀಪಿಗೆ ಕೊಕ್ಕೆಯಾಗಿ ನಿಲ್ಲುವ ಮೊಗ್ಗು ಮುರಿದಿದ್ದರೆ, ಅದನ್ನು ಮತ್ತೆ ಏರಿಸಬೇಡಿ. ಬರಿಯ ಪಾಚಿ ಕಟ್ಟಿದ ಹಂಚು ಕೆಟ್ಟ ಹಂಚಲ್ಲ. ಆದರೆ ಪಾಚಿ ದಪ್ಪವಾಗಿ ತೋಡುಗಳನ್ನು ತುಂಬಿಕೊಂಡರೆ ನೀರು ಅಡ್ಡ ಹಾಯುತ್ತದೆ, ಆದ್ದರಿಂದ ಬೇಸಗೆಯಲ್ಲಿ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು.

ನೈಋತ್ಯದ ಗಾಳಿಮಳೆ ಬಡಿಯುವುದು ಪಡುವಣ ಇಳಿಜಾರಿಗೆ. ಬಹಳಷ್ಟು ಮನೆಗಳಲ್ಲಿ ಆ ಒಂದು ಬದಿ ಹಾಳಾಗಿರುತ್ತದೆ, ಮೂಡಣ ಬದಿ ಹೊಸದರಂತೆಯೇ ಇರುತ್ತದೆ. ಪೂರ್ತಿ ಮಾಡು ಎಂದು ಯೋಚಿಸದೆ ಇಳಿಜಾರಿಗೊಂದು ತೀರ್ಮಾನ ಮಾಡಿ.

ಮೈಸೂರಿನಿಂದ (ಸಿವಿಲ್ ಎಂಜಿನಿಯರ್)

ಪುತ್ತೂರಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮರದ ಜಾಗದಲ್ಲಿ ಕಬ್ಬಿಣವನ್ನಿಟ್ಟರೆ ಅದೇ ತರ್ಕ ಆರ್‌ಸಿಸಿ ತಾರಸಿಗೂ ಅನ್ವಯಿಸುತ್ತದೆ. ತಾರಸಿ ಸೋರುವುದು ಒಂದು ಸಮಸ್ಯೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದು ಬೇರೆಯೇ ಸಮಸ್ಯೆ. ಮೊದಲನೆಯದು ಎರಡನೆಯದಕ್ಕೆ ತಿರುಗುವ ಮೊದಲೇ ಹಿಡಿದರೆ ರಿಪೇರಿಯಲ್ಲಿ ಮುಗಿಯುತ್ತದೆ.

ನೀವು ಹೇಳಿದ ಕಂದು ಗೆರೆ ನನಗೆ ಚಿಂತೆ ಹುಟ್ಟಿಸಿದೆ. ತಾರಸಿಯ ತಳದಲ್ಲಿ ಬಿಳಿಯ ಉಪ್ಪಿನಂಥ ಕಲೆ ಕಂಡರೆ ನೀರು ಕಾಂಕ್ರೀಟಿನ ಮೂಲಕ ಜಿನುಗಿ ಸುಣ್ಣದ ಅಂಶವನ್ನು ಹೊರತಂದಿದೆ ಎಂದರ್ಥ; ಅದು ಎಚ್ಚರಿಕೆ ಮಾತ್ರ. ಕಂದು ಅಥವಾ ಕಿತ್ತಳೆ ಗೆರೆ, ಅದರಲ್ಲೂ ನೇರವಾಗಿ, ಸರಳು ಇರಬಹುದಾದ ದಾರಿಯಲ್ಲೇ ಸಾಗಿದ್ದರೆ, ಅದು ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟಿನ ಹೊದಿಕೆ ಮೊದಲು ಬಿರಿಯುತ್ತದೆ, ಆಮೇಲೆ ಉಬ್ಬುತ್ತದೆ, ಕೊನೆಗೆ ಚಕ್ಕೆಯಾಗಿ ಬೀಳುತ್ತದೆ. ಸುತ್ತಿಗೆಯ ಹಿಡಿಯಿಂದ ತಾರಸಿಯ ತಳವನ್ನು ಅಡಿ ಅಡಿಗೂ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಜಾಗಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರೆ ಹಾನಿಯ ನಕ್ಷೆ ತಾನೇ ಮೂಡುತ್ತದೆ. ಚಕ್ಕೆ ನಿಮ್ಮ ತಲೆಯ ಮೇಲೆ ಬೀಳಬಹುದಾದ್ದರಿಂದ ಶಿರಸ್ತ್ರಾಣ ಧರಿಸಿ, ಪಕ್ಕಕ್ಕೆ ನಿಂತು ತಟ್ಟಬೇಕು.

ಬಿರುಕುಗಳೆಲ್ಲ ಒಂದೇ ಅಲ್ಲ. ಗೋಡೆ ಮತ್ತು ತಾರಸಿ ಸೇರುವಲ್ಲಿ ಅಡ್ಡಲಾಗಿ ಓಡುವ ಸಪೂರ ಬಿರುಕು ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಬರುತ್ತದೆ. ಅದು ಕಟ್ಟಡದ ಬಲವನ್ನು ಕುಗ್ಗಿಸುವಂಥದ್ದಲ್ಲ, ಆದರೆ ಸಿಮೆಂಟ್ ತುಂಬಿದರೆ ಮತ್ತೆ ಬಿರಿಯುವುದರಿಂದ ಹಿಗ್ಗುವ ಗುಣವಿರುವ ಸೀಲೆಂಟ್ ತುಂಬಿಸಬೇಕು. ಸರಳಿನ ಜಾಡಿನಲ್ಲಿರುವ ಬಿರುಕು, ಕೋಣೆಯ ನಡುವಿನಲ್ಲಿ ತಳದ ಕಡೆ ಅಗಲವಾಗುತ್ತಿರುವ ಬಿರುಕು, ಇವೆರಡೂ ಗಂಭೀರ. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿ ದಿನಾಂಕ ಬರೆದಿಡಿ. ಅದು ಬೆಳೆಯುತ್ತಿದೆಯೇ ಎಂಬುದು ಎಷ್ಟು ಅಗಲವಿದೆ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಕೊಡುತ್ತದೆ. ತಾರಸಿ ಬಾಗಿದೆಯೇ ಎಂದು ತಿಳಿಯಲು ತಳದಲ್ಲಿ ಗೋಡೆಯಿಂದ ಗೋಡೆಗೆ ದಾರವನ್ನು ಬಿಗಿಯಾಗಿ ಎಳೆದು ನಡುವಿನ ಅಂತರ ಅಳೆಯಿರಿ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456 ಸಂಹಿತೆ ಒಟ್ಟು ಬಾಗುವಿಕೆಗೆ ಇಟ್ಟಿರುವ ಮಿತಿ ಅಂತರದ 250ನೇ ಒಂದು ಭಾಗ, ಅಂದರೆ 4 ಮೀಟರ್ ಕೋಣೆಗೆ 16 ಮಿಲಿಮೀಟರ್. ಅದನ್ನು ಮೀರಿದ್ದರೆ ಜಲನಿರೋಧಕ ಲೇಪನದ ಮಾತು ಬಿಟ್ಟು ಮೊದಲು ರಚನಾ ಎಂಜಿನಿಯರೊಬ್ಬರನ್ನು ಕರೆಸಿ.

ಸೋರಿಕೆಯ ಮೂಲ ಗೊತ್ತಾಗದಿದ್ದಾಗ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ಒಂದು ದಿನ ನೀರು ನಿಲ್ಲಿಸಿ ನೋಡುವ ಪದ್ಧತಿಯಿದೆ. 5 ಸೆಂಟಿಮೀಟರ್ ನೀರು ಎಂದರೆ ಪ್ರತಿ ಚದರ ಮೀಟರಿಗೆ 50 ಕಿಲೋಗ್ರಾಂ ಹೆಚ್ಚುವರಿ ಭಾರ ಎಂಬುದನ್ನು ಮರೆಯಬಾರದು. ಚಕ್ಕೆ ಬಿದ್ದ, ಬಾಗಿದ ತಾರಸಿಯ ಮೇಲೆ ಈ ಪರೀಕ್ಷೆಯನ್ನು ಮಾಡಲೇಕೂಡದು. ಹಾಗೆಯೇ, ಬೇಸಗೆಯಲ್ಲೂ ಕಲೆ ಒದ್ದೆಯಾಗಿದ್ದರೆ ದೋಷ ಮಳೆಯದ್ದಲ್ಲ, ಬಚ್ಚಲಿನ ಪೈಪಿನದ್ದೋ ತಾರಸಿಯ ಮೇಲಿನ ಟ್ಯಾಂಕಿನದ್ದೋ ಆಗಿರುತ್ತದೆ.

ಕುಂದಾಪುರದಿಂದ

ಕರಾವಳಿಯವರ ಪರವಾಗಿ ಒಂದು ಮಾತು ಸೇರಿಸುತ್ತೇನೆ. ಉಪ್ಪಿನ ಗಾಳಿ ಇರುವಲ್ಲಿ, ಅದರಲ್ಲೂ ಹಿಂದೆ ಅಳಿವೆಯ ಮರಳನ್ನು ಸರಿಯಾಗಿ ತೊಳೆಯದೆ ಬಳಸಿದ ಮನೆಗಳಲ್ಲಿ, ಮೇಲಿನಿಂದ ಒಂದು ಹನಿಯೂ ಸೋರದೆ ತಳದ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ನೆರೆಮನೆಯಲ್ಲಿ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಿ, ಇನ್ನು ಚಿಂತೆಯಿಲ್ಲವೆಂದು ತಳಕ್ಕೆ ಬಣ್ಣ ಬಳಿದರು. ಬಣ್ಣದ ಕೆಳಗೆ ಉಬ್ಬು ಬೆಳೆಯುತ್ತಲೇ ಹೋಯಿತು, ನಡುಮನೆಯಲ್ಲಿ ತಟ್ಟೆಯಗಲದ ಚಕ್ಕೆ ಬಿತ್ತು. ಶೀಟ್ ಮಳೆಯನ್ನು ತಡೆಯುತ್ತದೆ. ಒಳಗೆ ಆಗಲೇ ಸೇರಿರುವ ಉಪ್ಪನ್ನು ತಡೆಯುವುದಿಲ್ಲ.

ಮೈಸೂರಿನಿಂದ (ಸಿವಿಲ್ ಎಂಜಿನಿಯರ್)

ಕುಂದಾಪುರದವರು ಹೇಳಿದ್ದು ಬಹಳ ಮುಖ್ಯ. ಹೊಸ ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಒಳಕ್ಕೆ ಆ ಗುಣವನ್ನು ಕಳೆಯುತ್ತಾ ಬರುತ್ತದೆ. ಸಣ್ಣದಾಗಿ ಕೆತ್ತಿದ ಹೊಸ ಮೇಲ್ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಾಗಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣ ಪಡೆಯುವುದಿಲ್ಲ. ಬಣ್ಣವಿಲ್ಲದ ಪದರ ಸರಳಿನ ತನಕ ತಲುಪಿದೆಯೇ ಎಂಬುದನ್ನು ನೋಡಬೇಕು. ಆದರೆ ಈ ಪರೀಕ್ಷೆ ಉಪ್ಪನ್ನು ತೋರಿಸುವುದಿಲ್ಲ. ಕರಾವಳಿಯಲ್ಲಿ ಕ್ಲೋರೈಡ್ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿಯೇ ಅಳೆಸಬೇಕು.

ಹೊಸನಗರದಿಂದ

ನಾನು ಶೀಟಿನ ಪರವಾಗಿ ಮಾತನಾಡಬಯಸುತ್ತೇನೆ. ನಮ್ಮ ಕಡೆ ಮಂಗಗಳ ಕಾಟದಿಂದ ಯಾವ ಹಂಚಿನ ಮಾಡೂ ಉಳಿಯುತ್ತಿಲ್ಲ. ಬೇಸಗೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಹಂಚು ಸರಿಪಡಿಸಿದರೂ ಮಳೆಗಾಲದ ನಡುವೆ ಗುಂಪು ಬಂದು ಹಾರಿದರೆ ಮುಗಿಯಿತು, ಆ ಮಳೆಯಲ್ಲಿ ಜಾರುವ ಮಾಡನ್ನು ಹತ್ತುವವರು ಸಿಗುವುದಿಲ್ಲ. ಹಂಚು ಹೊದಿಸುವುದನ್ನು ಬಲ್ಲ ಕೆಲಸಗಾರರೂ ಕಡಿಮೆಯಾಗಿದ್ದಾರೆ. ವಯಸ್ಸಾದವರಿಬ್ಬರೇ ಇರುವ ಮನೆಗೆ ಹಂಚಿನ ಸೌಂದರ್ಯಕ್ಕಿಂತ ಶೀಟಿನ ನೆಮ್ಮದಿ ದೊಡ್ಡದು.

ಪುತ್ತೂರಿನಿಂದ (ಬಡಗಿ ಕೆಲಸ)

ಹೊಸನಗರದವರು ಹೇಳಿದ ಕಷ್ಟ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶೀಟ್ ಹಾಕಿಸುವವರು ಒಂದು ವಿಷಯವನ್ನು ಮಾತ್ರ ತಿಳಿದಿರಬೇಕು. ಮಂಗಳೂರು ಹಂಚು ಒಂದೊಂದು ಸುಮಾರು ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ, ಒಂದು ಚದರ ಮೀಟರಿಗೆ ಹದಿನೈದರಷ್ಟು ಹಂಚು ಬೇಕು. ಹಾಗಾಗಿ ನಲವತ್ತು ಕಿಲೋದಷ್ಟು ಭಾರ ಮಾಡನ್ನು ಗಾಳಿಗೆ ಏಳದಂತೆ ಹಿಡಿದಿಟ್ಟಿರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟಿನ ಭಾರ ಅದೇ ಜಾಗಕ್ಕೆ ಐದು ಕಿಲೋದ ಆಸುಪಾಸು. ಹಳೆಯ ಪಕಾಸುಗಳ ಮೇಲೆ ಶೀಟನ್ನು ಮೊಳೆ ಹೊಡೆದು ಕೂರಿಸಿದರೆ ಗಾಳಿ ಶೀಟನ್ನು ಪಕಾಸಿನ ಸಮೇತ ಎತ್ತುತ್ತದೆ. ಆದ್ದರಿಂದ ಹೊಸ ಚೌಕಟ್ಟನ್ನು ಗೋಡೆಗೆ ಬೋಲ್ಟಿನಿಂದ ಬಿಗಿಯಬೇಕು, ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿಯುವುದರಿಂದ ಅವನ್ನು ಆಗಾಗ ನೋಡಿ ಬದಲಿಸಬೇಕು. ಕೆಳಗಿನ ಮರ ಗಟ್ಟಿಯಾಗಿರುವ ಮನೆಯಲ್ಲಿ ಇಷ್ಟೆಲ್ಲ ಖರ್ಚು ಮಾಡಿ ಸೆಕೆಯನ್ನೂ ಮಳೆಯ ಸದ್ದನ್ನೂ ಕೊಂಡುಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಬಾದಾಮಿ ತಾಲೂಕಿನಿಂದ

ಹಂಚು ಮತ್ತು ತಾರಸಿಯ ನಡುವೆ ನಮ್ಮ ಭಾಗದ ಮಣ್ಣಿನ ಮಾಳಿಗೆಗಳನ್ನು ಮರೆಯಬಾರದೆಂದು ಬರೆಯುತ್ತಿದ್ದೇನೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಸವಳು ಮಣ್ಣಿನ ಸೋಡಿಯಂ ಅಂಶದಿಂದ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುವುದರಿಂದ ನೀರು ಇಂಗದೆ ಹರಿದುಹೋಗುತ್ತದೆ. ಹಿರಿಯರ ಈ ತಿಳಿವಳಿಕೆ ದೊಡ್ಡದು. ಆದರೆ ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನು ಮೇಲೆ ಸುರಿಯುತ್ತಾ ಬಂದಿರುವುದರಿಂದ ಎಷ್ಟೋ ಮನೆಗಳಲ್ಲಿ ಮಾಳಿಗೆಯ ದಪ್ಪ ಮೊದಲಿದ್ದುದಕ್ಕಿಂತ ಬಹಳ ಹೆಚ್ಚಾಗಿದೆ. ಒಂದಡಿ ದಪ್ಪದ ಒದ್ದೆ ಮಣ್ಣು ಒಂದು ಚದರ ಮೀಟರಿಗೆ ಐದು ನೂರು ಕಿಲೋದಷ್ಟು ಭಾರವಾಗುತ್ತದೆ, ಅದನ್ನು ಹೊರುವುದು ತುದಿ ಲಡ್ಡಾದ (ಕೊಳೆತ) ಜಂತಿ.

ನಾವು ನೋಡಬೇಕಾದ ಗುರುತುಗಳು ಇವು. ಬೆಳಕಿಂಡಿಯ ಅಂಚಿನಲ್ಲಿ ಮಣ್ಣಿನ ದಪ್ಪ ಎಷ್ಟಿದೆ ಎಂದು ಅಳೆಯಬಹುದು. ಮಾಳಿಗೆಯ ಮೇಲೆ ಹುಲ್ಲು ಬೇರುಬಿಟ್ಟಿದ್ದರೆ ಸವಳಿನ ಪದರ ಹೋಗಿದೆ. ಮಳೆಯಿಲ್ಲದ ದಿನವೂ ಹಾಸಿಗೆಯ ಮೇಲೆ ಮಣ್ಣಿನ ಪುಡಿ ಉದುರುತ್ತಿದ್ದರೆ ಜಂತಿ ಅಲುಗಾಡುತ್ತಿದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಮಾಳಿಗೆಯ ರಿಪೇರಿಯ ಮಾತೇ ಬರುವುದಿಲ್ಲ. ಮನೆ ಖಾಲಿ ಮಾಡಬೇಕು. ಒಮ್ಮೆ ಜೋರಾಗಿ ಸುರಿದು ನಿಲ್ಲುವ ಮಳೆಗಿಂತ ಮೂರು ನಾಲ್ಕು ದಿನ ಬಿಡದೆ ಹಿಡಿಯುವ ಜಡಿಮಳೆ ಇಂಥ ಮನೆಗಳಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಮಣ್ಣು ಆಳದವರೆಗೆ ತೊಯ್ಯುವುದು ಆಗಲೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನೆರೆಯ ನೀರು ಬುಡ ತೋಯಿಸಿದ ಮಣ್ಣಿನ ಗೋಡೆಗಳು ಮಾಳಿಗೆ ಸಮೇತ ಕುಸಿದದ್ದನ್ನು ನಮ್ಮ ಭಾಗದವರು ಕಂಡಿದ್ದೇವೆ. ಮಣ್ಣನ್ನು ಪೂರ್ತಿ ಇಳಿಸಿ, ಜಂತಿ ಪರೀಕ್ಷಿಸಿ, ತೆಳುವಾಗಿ ಮತ್ತೆ ಹಾಕುವುದು ಹೊಸ ತಾರಸಿಗಿಂತ ಕಡಿಮೆ ಖರ್ಚಿನದು. ಮಣ್ಣು ಇಳಿಸುವಾಗ ಮಾತ್ರ ಕೆಳಗೆ ಊರುಗಂಬ (ತಾತ್ಕಾಲಿಕ ಆಧಾರದ ಕಂಬ) ಕೊಟ್ಟಿರಬೇಕು, ಮಾಳಿಗೆಯ ಒಂದೇ ಬದಿಯಲ್ಲಿ ಗುಡ್ಡೆ ಹಾಕಬಾರದು.

ಸಾಗರ ತಾಲೂಕಿನಿಂದ

ಎಲ್ಲರ ವಿವರಣೆಗೂ ಕೃತಜ್ಞತೆಗಳು. ಹೇಳಿದಂತೆ ಅಟ್ಟ ಹತ್ತಿ ನೋಡಿದೆವು. ಮೂಡಣ ಇಳಿಜಾರಿನ ಪಕಾಸುಗಳೆಲ್ಲ ಗಟ್ಟಿಯಾಗಿವೆ. ಪಡುವಣದಲ್ಲಿ ಸೂರಿನ ಕಡೆಯ ನಾಲ್ಕು ಪಕಾಸುಗಳ ತುದಿ ಮೆತ್ತಗಾಗಿದೆ, ಅಡಿಕೆ ಮರದ ರೀಪುಗಳು ಕೈಯಲ್ಲೇ ಮುರಿಯುತ್ತವೆ. ನಡುಮನೆಯ ಸೋರಿಕೆಯ ಮೂಲ ಕೋಡಿನ ಬಳಿ ಸಿಕ್ಕಿತು. ಕೋಡು ಹಂಚುಗಳನ್ನು ಹಿಡಿದಿದ್ದ ಸಿಮೆಂಟ್ ಗಾರೆ ಬಿರಿದು ಬೆಳಕು ಕಾಣುತ್ತಿತ್ತು. ಅಡುಗೆಮನೆಯ ತಾರಸಿಯ ತಳವನ್ನು ತಟ್ಟಿದಾಗ ಕಂದು ಗೆರೆಯ ಸುತ್ತ ಚಾಪೆಯ ಅರ್ಧದಷ್ಟು ಜಾಗ ಟೊಳ್ಳು ಸದ್ದು ಕೊಟ್ಟಿತು, ಉಳಿದೆಡೆ ಗಟ್ಟಿಯಿದೆ. ದಾರ ಎಳೆದು ಅಳೆದಾಗ ಬಾಗುವಿಕೆ ಮಿತಿಯೊಳಗೇ ಇತ್ತು. ಟೊಳ್ಳು ಜಾಗ ಸರಿಯಾಗಿ ಹಂಚಿನ ಮಾಡಿನ ನೀರು ತಾರಸಿಗೆ ಬೀಳುವ ಸೇರುವೆಯ ಕೆಳಗೇ ಇದೆ.

ಮೈಸೂರಿನಿಂದ (ಸಿವಿಲ್ ಎಂಜಿನಿಯರ್)

ಹಾಗಾದರೆ ತಾರಸಿಯನ್ನು ಒಡೆಯುವ ಅಗತ್ಯ ಬಹುಶಃ ಬೀಳದು. ಟೊಳ್ಳು ಭಾಗದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ, ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ಉಜ್ಜಿ, ಸರಳು ಎಷ್ಟು ಸವೆದಿದೆ ಎಂದು ಅಳೆಯಬೇಕು. ಗಮನಾರ್ಹವಾಗಿ ಸವೆದಿದ್ದರೆ ಪಕ್ಕದಲ್ಲಿ ಹೊಸ ಸರಳು ಸೇರಿಸಿ, ತುಕ್ಕುನಿರೋಧಕ ಲೇಪನ ಕೊಟ್ಟು, ಪಾಲಿಮರ್ ಬೆರೆತ ಗಾರೆಯಿಂದ ತುಂಬಬೇಕು. ಕೆತ್ತುವ ಮೊದಲು ಕೆಳಗೆ ಊರುಗಂಬ ಕೊಡಿಸಿ, ಸ್ಥಳೀಯ ಎಂಜಿನಿಯರೊಬ್ಬರು ಕಣ್ಣಾರೆ ನೋಡಿದ ಮೇಲೆಯೇ ಕೆಲಸ ಆರಂಭಿಸಿ. ಮೇಲ್ಭಾಗದಲ್ಲಿ ನೀರು ಹರಿಯಲು ಇಳಿಜಾರು ಸಾಕಷ್ಟಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಾದರೂ ಇರಬೇಕು.

ಪುತ್ತೂರಿನಿಂದ (ಬಡಗಿ ಕೆಲಸ)

ನಿಮ್ಮ ಹಂಚಿನ ಮಾಡಿಗೂ ಪೂರ್ತಿ ಬದಲಾವಣೆ ಬೇಡ. ಪಡುವಣ ಇಳಿಜಾರಿನ ಹಂಚುಗಳನ್ನಷ್ಟೇ ಇಳಿಸಿ, ತಟ್ಟಿ ಬೇರ್ಪಡಿಸಿ, ಒಳ್ಳೆಯವನ್ನು ನಿಲ್ಲಿಸಿ ಜೋಡಿಸಿಡಿ. ಮೆತ್ತಗಾದ ನಾಲ್ಕು ಪಕಾಸುಗಳನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ, ಪಕ್ಕಕ್ಕೆ ಅದೇ ಅಳತೆಯ ಹೊಸ ಮರವನ್ನು ಕನಿಷ್ಠ ಮೂರಡಿ ಜೊತೆಯಾಗಿ ಓಡಿಸಿ ಬೋಲ್ಟ್ ಹಾಕಿಸಬಹುದು. ಅಡಿಕೆ ರೀಪುಗಳನ್ನು ಮಾತ್ರ ಒಂದನ್ನೂ ಉಳಿಸಬೇಡಿ. ಹಳೆಯ ಹಂಚುಗಳ ಜೊತೆ ಹೊಸ ಹಂಚು ಬೆರೆಸುವುದಾದರೆ ಖರೀದಿಸುವ ಮೊದಲು ಒಂದು ಹಳೆಯ ಹಂಚನ್ನು ಅಂಗಡಿಗೆ ಒಯ್ದು ತೋಡಿಗೆ ತೋಡು ಕೂರಿಸಿ ನೋಡಿ, ಏಕೆಂದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚಿನಲ್ಲಿ ಸಣ್ಣ ವ್ಯತ್ಯಾಸವಿದ್ದು, ಬೆರೆತ ಸಾಲಿನಲ್ಲಿ ಗಾಳಿಮಳೆ ಒಳನುಗ್ಗುತ್ತದೆ. ಹೊಂದದಿದ್ದರೆ ಹಳೆಯವನ್ನೆಲ್ಲ ಒಂದು ಬದಿಗೆ, ಹೊಸವನ್ನೆಲ್ಲ ಇನ್ನೊಂದು ಬದಿಗೆ ಹೊದಿಸಬೇಕು.

ಸೇರುವೆಯ ವಿಷಯದಲ್ಲಿ ಗಾರೆಯನ್ನು ನಂಬಬೇಡಿ. ಮರದ ಮಾಡು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ, ಗೋಡೆ ಅಲುಗುವುದಿಲ್ಲ. ನಡುವಿನ ಗಾರೆ ಪ್ರತಿ ವರ್ಷ ಬಿರಿಯಲೇಬೇಕು. ಗೋಡೆಯಲ್ಲಿ ಅಡ್ಡಲಾಗಿ ತೋಡು ಕೊರೆದು, ಅಲ್ಯೂಮಿನಿಯಂ ತಗಡಿನ ಮೇಲಂಚನ್ನು ಅದರೊಳಗೆ ಸೇರಿಸಿ, ಕೆಳಗಿನ ಅಂಚು ಹಂಚಿನ ಮೇಲೆ ಒಂದು ಗೇಣು ಬರುವಂತೆ ಬಾಗಿಸಿದರೆ ಎರಡೂ ತಮ್ಮಷ್ಟಕ್ಕೆ ಅಲುಗಬಹುದು. ಮಾಡಿನ ನೀರು ನೇರ ತಾರಸಿಗೆ ಬೀಳದಂತೆ ಅಲ್ಲೊಂದು ದೋಣಿ (ಮಳೆನೀರು ಹರಿಸುವ ಕಾಲುವೆ) ಕಟ್ಟಿ ಅಂಗಳಕ್ಕೆ ಇಳಿಸಿ. ತಾರಸಿಯ ಕೆತ್ತನೆ ಕೆಲಸ ಮೊದಲು ಮುಗಿಯಲಿ, ಆಮೇಲೆ ತಗಡು, ಕೊನೆಗೆ ಹಂಚು. ಏಪ್ರಿಲ್‌ನಲ್ಲೂ ಮಲೆನಾಡಿನಲ್ಲಿ ಸಂಜೆ ಮಳೆ ಬರುವುದರಿಂದ ಫೆಬ್ರವರಿಯಲ್ಲೇ ಆರಂಭಿಸಿ, ಒಂದು ದಿನದಲ್ಲಿ ಮತ್ತೆ ಹೊದಿಸಲು ಸಾಧ್ಯವಾಗುವಷ್ಟು ಹಂಚನ್ನು ಮಾತ್ರ ಬೆಳಿಗ್ಗೆ ಇಳಿಸುವಂತೆ ಕೆಲಸದವರಿಗೆ ಮೊದಲೇ ಹೇಳಿರಿ.